ಬಲಗಡೆ ಒಂದಿಂಚು ಗಿಡ್ಡ

ಮೊನ್ನೆ ಟ್ರಂಕಿನ ತಳದಿಂದ ಸೀರೆಯೊಳಗೆ ಉಡುವ ಹಳೆಯ ಲಂಗವೊಂದು ಹೊರಬಂತು. ನೆಲ ಒರೆಸುವುದಕ್ಕೆ ಆಗುವಂಥ ಬಟ್ಟೆಯೇನಾದರೂ ಸಿಕ್ಕೀತೇ ಎಂದು ಹುಡುಕುತ್ತಿದ್ದೆ. ನುಸಿಗುಳಿಗೆಯ ವಾಸನೆ ಹಿಡಿದಿದ್ದ ಆ ಕಂದು ಲಂಗವನ್ನು ಕೊಡವಿ ಮಡಿಸಲು ಹೋದರೆ ಅಂಚಿಗೆ ಅಂಚು ಕೂಡಲೊಲ್ಲದು. ಬಲಗಡೆ ಒಂದಿಂಚು ಗಿಡ್ಡ. ನೀವು ನೋಡಿದ್ದರೆ ಹೊಲಿದವರಿಗೆ ಕೆಲಸ ಬರುತ್ತಿರಲಿಲ್ಲ ಅಂದುಬಿಡುತ್ತಿದ್ದಿರಿ. ನಾನು ಮಾತ್ರ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಆ ಗಿಡ್ಡ ಅಂಚನ್ನು ಬೆರಳಿನಿಂದ ಸವರಿದೆ.

ಹೊಲಿದವರು ತರೀಕೆರೆಯ ಜಮೀಲಕ್ಕ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ನಮ್ಮೊಡನೆ ಕನ್ನಡ, ಮನೆಯವರೊಡನೆ ದಖನಿ ಉರ್ದು. ದಾರ ತುಂಡಾದಾಗ ಹೊಲಿಗೆ ಯಂತ್ರವನ್ನು ಬಯ್ಯುವುದೂ ದಖನಿಯಲ್ಲೇ. ಇಪ್ಪತ್ತು ವರ್ಷ ನನ್ನ ರವಿಕೆ, ಲಂಗಗಳೆಲ್ಲ ಅವರ ಕೈಯಲ್ಲೇ ಹೊಲಿಸಿದ್ದು. ಸೀರೆ ಉಟ್ಟರೆ ಟೀಚರು ಎಷ್ಟು ನೆಟ್ಟಗೆ ಕಾಣುತ್ತಾರೆ ಎಂದು ಯಾರಾದರೂ ಹೊಗಳಿದರೆ, ಅದು ನನ್ನ ಮೈಕಟ್ಟಿನ ಗುಣ ಎಂದೇ ನಂಬಿದ್ದೆ.

ಆಗ ನಾನು ಅಮೃತಾಪುರದ ಕಡೆಯ ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿದ್ದೆ. ಇಬ್ಬರೇ ಟೀಚರುಗಳು. ದಿನಾ ತರೀಕೆರೆಯಿಂದ ಬಸ್ಸು. ಸೀಟು ಸಿಗದಿದ್ದರೆ ಬಲಗಾಲ ಮೇಲೆ ಭಾರ ಹಾಕಿ, ಸೊಂಟ ಹೊರಚಾಚಿ ನಿಲ್ಲುವುದು ನನ್ನ ಅಭ್ಯಾಸ. ಬೋರ್ಡಿನ ಮುಂದೆಯೂ ಹಾಗೇ. ಚಿಕ್ಕವಳಿದ್ದಾಗ ತವರೂರು ಯಗಟಿಯಲ್ಲಿ ನೀರಿನ ಬಿಂದಿಗೆ ಹೊತ್ತದ್ದು, ಆಮೇಲೆ ನನ್ನ ಇಬ್ಬರು ಮಕ್ಕಳನ್ನು ಎತ್ತಿಕೊಂಡದ್ದು ಎಲ್ಲ ಅದೇ ಮಗ್ಗುಲು. ಐವತ್ತು ದಾಟಿದ ಮೇಲೆ ಆ ಮಗ್ಗುಲು ಒಂದು ದಿನ ಮುನಿಸಿಕೊಂಡಿತು. ಸೊಂಟದ ಪಕ್ಕಕ್ಕೆ ಕೈಯಿಟ್ಟರೆ ಮೂಳೆಯ ಗುಬುಟೊಂದು ಸಿಗುತ್ತದಲ್ಲ, ಸರಿಯಾಗಿ ಅಲ್ಲೇ ನೋವು. ಆ ಮಗ್ಗುಲಿಗೆ ಮಲಗುವಂತಿಲ್ಲ. ಬಸ್ಸಿನ ಮೆಟ್ಟಿಲಿಗೆ ಬಲಗಾಲಿಟ್ಟು ಮೈ ಎತ್ತುವುದಂತೂ ಆಗದು. ಕಂಡಕ್ಟರು ಕೈ ಹಿಡಿದು ಎಳೆದುಕೊಳ್ಳತೊಡಗಿದರು. ನಾನು ಎಡಗಾಲ ಮೇಲೆ ನಿಲ್ಲುವುದನ್ನು ಕಲಿತೆ.

ಔಷಧಿಗೇನು ಬರ, ಯಗಟಿಯಲ್ಲಿ ನಮ್ಮ ಅತ್ತಿಗೆ ಇದ್ದರು. ಇದು ವಾಯು ಎಂದು ತೀರ್ಮಾನಿಸಿ ತೆಂಗಿನಕಾಯಿಗಳ ಜೊತೆಗೆ ಎಣ್ಣೆಯ ಬಾಟಲಿಯನ್ನೂ ತಂದರು. ಗೆಣ್ಣಿನಿಂದ ಆ ಗುಬುಟನ್ನೇ ಹುಡುಕಿ ಹುಡುಕಿ ಉಜ್ಜಿದರು. ಮರಳು ಹುರಿದು ಗಂಟು ಕಟ್ಟಿ, ಅದರ ಮೇಲೇ ಮಗ್ಗುಲಾಗಿ ಮಲಗಿಸಿದರು. ನಾನೇನು ಕಡಿಮೆ? ಫೋನಿನಲ್ಲಿ ನೋಡಿಕೊಂಡು ಕಾಲ ಮೇಲೆ ಕಾಲು ಹಾಕಿ ಎಳೆಯುವ ವ್ಯಾಯಾಮ ಮಾಡಿದೆ. ಎಳೆದಷ್ಟೂ ನೋವು ಜಾಸ್ತಿಯಾಯಿತು, ನೋವು ಜಾಸ್ತಿಯಾದಷ್ಟೂ ಇನ್ನಷ್ಟು ಎಳೆದೆ. ಎಕ್ಸ್‌ರೇ ತೆಗೆಸಿದರೆ ಮೂಳೆ, ಕೀಲು ಎಲ್ಲ ಚೆನ್ನಾಗಿದೆ ಎಂದರು. ಚೆನ್ನಾಗಿದೆ ಅಂದಮೇಲೆ ನೋಯುವುದೇಕೆ ಎಂದು ನಮ್ಮ ಮನೆಯವರು ಕೇಳಿದರು. ವಯಸ್ಸಾಯಿತು, ಇಷ್ಟೇ ಎಂದುಕೊಂಡು ಸ್ವಯಂ ನಿವೃತ್ತಿಗೆ ಅರ್ಜಿ ಬರೆದೆ. ಬರೆದದ್ದನ್ನು ಕೊಡಲು ಮನಸ್ಸಾಗಲಿಲ್ಲ. ಮಕ್ಕಳಿಗೆ ಅಕ್ಷರ ತಿದ್ದಿಸುವುದು ಬಿಟ್ಟರೆ ನನಗೆ ಖುಷಿಯ ಕೆಲಸ ಬೇರೆ ಇರಲಿಲ್ಲ. ಅರ್ಜಿ ಕೈಚೀಲದಲ್ಲಿ ಊಟದ ಡಬ್ಬಿಯ ಪಕ್ಕ ದಿನಾ ಬಸ್ಸಿನಲ್ಲಿ ಓಡಾಡುತ್ತಿತ್ತು.

ಅಷ್ಟರಲ್ಲಿ ಅಜ್ಜಂಪುರದಲ್ಲೊಂದು ಮದುವೆ. ಹೊಲಿಸಲು ಪುರಸೊತ್ತಿಲ್ಲದೆ ಕಡೂರಿನ ಅಂಗಡಿಯಲ್ಲಿ ರೆಡಿಮೇಡ್ ಲಂಗ ಕೊಂಡೆ. ಉಟ್ಟು ನಿಂತರೆ ಬಲಗಡೆ ನೆಲಕ್ಕೆ ಎಳೆಯುತ್ತದೆ. ಮದುವೆಮನೆಯಲ್ಲಿ ಎರಡು ಸಲ ಅದನ್ನೇ ತುಳಿದು ಮುಗ್ಗರಿಸಿದೆ. ಮಾರನೆಯ ದಿನವೇ ಕಡೂರಿಗೆ ಹೋಗಿ, ಸೊಟ್ಟ ಲಂಗ ಮಾರುತ್ತೀರಲ್ಲ ಎಂದು ಜಗಳ ತೆಗೆದೆ. ಅಂಗಡಿಯವರು ಲಂಗವನ್ನು ಮೇಜಿನ ಮೇಲೆ ಹಾಸಿ, ನಾಲ್ಕು ಜನರೆದುರು ಟೇಪು ಹಿಡಿದರು. ಎರಡೂ ಕಡೆ ಸಮ. ಟೇಪೂ ಸರಿಯಿಲ್ಲ ಎಂದು ಬಯ್ದು ಬಂದೆ.

ಆ ಬಿಸಿಯಲ್ಲೇ ಜಮೀಲಕ್ಕನ ಮನೆಗೆ ಹೋಗಿ ಲಂಗವನ್ನು ಅವರ ಮುಂದೆ ಹಾಕಿದೆ. ಅವರು ಅಳತೆ ಮಾಡಿದರು, ಮತ್ತೊಮ್ಮೆ ಮಾಡಿದರು, ಆಮೇಲೆ ಕತ್ತರಿಯನ್ನು ಪಕ್ಕಕ್ಕಿಟ್ಟರು.

"ಲಂಗ ಸರಿಯಾಗೈತೆ ಟೀಚರಮ್ಮ. ನೀವೇ ಎಡಗಾಲ ಮೇಲೆ ಓರೆ ನಿಂತ್ಕೊಳ್ತೀರಿ, ಬಲಗಡೆ ಸೊಂಟ ಇಳೀತೈತೆ. ನಾಲ್ಕು ವರ್ಷದಿಂದ ನಾನೇ ಬಲಗಡೆ ಕತ್ತರಿಸ್ತಾ ಬಂದಿದೀನಿ. ಮೊದ್ಲು ಕಾಲಿಂಚು ಸಾಕಾಗ್ತಿತ್ತು. ಈಗ ಒಂದಿಂಚು ಬೇಕು."

ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಅವಮಾನವಾಯಿತು. ಗೊತ್ತಿದ್ದೂ ನಾಲ್ಕು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೆಣ್ಮಕ್ಳ ಮೈಯಾಗಿನ ಓರೆ ದರ್ಜಿ ಬಾಯಲ್ಲಿ ಬರಬಾರ್ದು ಅಂತ ನಮ್ಮಮ್ಮ ಕಲಿಸಿದ್ರು. ಒಂದು ಭುಜ ಇಳಿದಿದ್ರೆ ಒಳಗೊಂದು ಪದರ ಕೊಟ್ಟು ಹೊಲಿ, ಸುಮ್ನಿರು ಅನ್ನೋರು. ನಾನೂ ಹಂಗೇ ಮಾಡಿದೆ. ಅದು ನೋವಿಂದು ಅಂತ ನಂಗೇನು ಗೊತ್ತು? ನೀವೂ ಹೇಳ್ಲಿಲ್ಲ."

ನಿಜ, ನಾನೂ ಹೇಳಿರಲಿಲ್ಲ. ಸೊಂಟನೋವು ಅಂದರೆ ಮುದುಕಿ ಅಂದುಕೊಂಡಾರು ಎಂಬ ಬಿಗುಮಾನ. ಒಬ್ಬರು ಮುಚ್ಚಿಟ್ಟದ್ದನ್ನು ಇನ್ನೊಬ್ಬರು ಹೊಲಿದು ಮುಚ್ಚಿದ್ದರು.

ಆದರೆ ಆ ಕಾಲಿಂಚು, ಒಂದಿಂಚಿನ ಲೆಕ್ಕವನ್ನೇ ಶಿವಮೊಗ್ಗದ ಡಾಕ್ಟರೊಬ್ಬರ ಮುಂದೆ ಒಪ್ಪಿಸಿದಾಗ ಅವರು ನಗಲಿಲ್ಲ. ಬಲಗಾಲೊಂದರ ಮೇಲೇ ನಿಲ್ಲಿಸಿದರು. ನಾಲ್ಕು ಎಣಿಸುವಷ್ಟರಲ್ಲಿ ಎಡಗಡೆ ಸೊಂಟ ಕುಸಿದು, ನಾನು ಅವರ ಮೇಜು ಹಿಡಿದುಕೊಂಡೆ. ಸ್ಕ್ಯಾನ್ ನೋಡಿ ತಿಳಿಸಿ ಹೇಳಿದರು. ಒಂದು ಕಾಲು ಎತ್ತಿದಾಗ ಸೊಂಟ ಆ ಕಡೆಗೆ ವಾಲದಂತೆ ಹಿಡಿಯುವುದು ನಿಂತ ಕಾಲಿನ ಕಡೆಯ ಪೃಷ್ಠದ ಮಾಂಸಖಂಡಗಳಂತೆ. ಅವುಗಳ ತುದಿಯ ಸ್ನಾಯುರಜ್ಜು ಆ ಗುಬುಟಿಗೆ ಅಂಟಿಕೊಂಡಿರುತ್ತದೆ. ನನ್ನದು ಅಂಟಿದ ಜಾಗದಲ್ಲೇ ಸವೆದು ಅರ್ಧ ಹರಿದಿತ್ತು. ಬಿದ್ದೇ ಹರಿಯಬೇಕೆಂದಿಲ್ಲ, ವರ್ಷಗಟ್ಟಲೆ ಒತ್ತಿದರೂ ಹರಿಯುತ್ತದೆ. ಮೂಳೆಯ ಫೋಟೋದಲ್ಲಿ ಅದು ಕಾಣುವುದಿಲ್ಲ. ಪೂರ್ತಿ ಕಿತ್ತುಬಂದಿದ್ದರೆ ಆಪರೇಷನ್ ಮಾತು ಬರುತ್ತಿತ್ತು, ಇದಕ್ಕೆ ಮೊದಲು ವ್ಯಾಯಾಮ ನೋಡೋಣ ಎಂದರು. ಊರಿಗೆ ಬಂದು ಹೇಳಿದರೆ ಜಮೀಲಕ್ಕ ನನಗಿಂತ ಬೇಗ ಅರ್ಥ ಮಾಡಿಕೊಂಡರು. ಬಟ್ಟೆ ನಡುವೆ ಗಟ್ಟಿಯಿದ್ದರೂ ಹೊಲಿಗೆಯ ಹತ್ತಿರ ಹಿಂಜುತ್ತದಲ್ಲ, ಅದೇ ತಾನೇ ಎಂದರು. ಅದೇ.

ಆ ಡಾಕ್ಟರ ಬಳಿ ವ್ಯಾಯಾಮ ಹೇಳಿಕೊಟ್ಟ ಹುಡುಗಿ ಬರೆದುಕೊಡಲು ಕಾಗದ ಕೇಳಿದಳು. ಚೀಲದಲ್ಲಿದ್ದದ್ದು ಆ ಅರ್ಜಿಯೊಂದೇ. ಅದರ ಬೆನ್ನಿಗೇ ಬರೆದಳು. ಉಜ್ಜುವುದು ಬೇಡ, ಎಳೆಯುವುದು ಬೇಡ, ಕಾಲ ಮೇಲೆ ಕಾಲು ಬೇಡ; ಮಲಗುವಾಗ ಮಂಡಿಗಳ ನಡುವೆ ದಿಂಬು. ಗೋಡೆಯ ಪಕ್ಕ ನಿಂತು ಕಾಲನ್ನು ಹೊರಗಡೆಗೆ ಮೆಲ್ಲಗೆ ಒತ್ತಬೇಕು, ದಿನಾ. ತುರಿಮಣೆಯ ಮೇಲೆ ಕಾಲು ಮಡಿಸಿ ಕೂರುವುದೂ ನಿಂತಿತು. ನಮ್ಮ ಮನೆಯವರು ಕಾಯಿ ತುರಿಯಲು ಕಲಿತರು. ಅವರು ಹೆಂಗಸರ ಹಾಗೆ ಕರಟ ಕಾಣುವ ತನಕ ತುರಿಯುವುದಿಲ್ಲ, ಚಿಪ್ಪಿನಲ್ಲೇ ಅರ್ಧ ಬಿಡುತ್ತಾರೆ. ಆ ಮಾತು ಬೇರೆ.

ತಿಂಗಳುಗಳೇ ಹಿಡಿದವು. ನೋವು ಒಂದು ದಿನ ಕಮ್ಮಿ, ಒಂದು ದಿನ ಜಾಸ್ತಿ. ಗುಣವಾಗುತ್ತಿದೆಯೋ ಇಲ್ಲವೋ ನನಗೇ ತಿಳಿಯುತ್ತಿರಲಿಲ್ಲ. ಹೀಗಿರುವಾಗ ಒಂದು ಬೆಳಿಗ್ಗೆ ಶಾಲೆಗೆ ಹೊರಡುವಾಗ, ಸೀರೆ ಉಡುವ ಮೊದಲು ಕನ್ನಡಿಯಲ್ಲಿ ನೋಡಿಕೊಂಡರೆ ಈ ಕಂದು ಲಂಗವೇ ಬಲಗಡೆ ಮೇಲಕ್ಕೆ ಹೋಗಿತ್ತು; ಅಂದರೆ ನಾನು ನೆಟ್ಟಗೆ ನಿಂತಿದ್ದೆ. ಲಂಗ ಸೊಟ್ಟಗಾಗಿ ಅಷ್ಟು ಸಂತೋಷಪಟ್ಟವಳು ತರೀಕೆರೆಯಲ್ಲಿ ನಾನೊಬ್ಬಳೇ ಇರಬೇಕು. ಅವತ್ತು ಬಸ್ಸಿನಲ್ಲಿ ಕಂಡಕ್ಟರು ಚಾಚಿದ ಕೈಗೆ ಚೀಲ ಕೊಟ್ಟು, ನಾನೇ ಹತ್ತಿದೆ. ಅರ್ಜಿಯ ಮುಂಭಾಗವನ್ನು ಯಾರೂ ಓದಲಿಲ್ಲ. ನಿವೃತ್ತಿಯ ದಿನದವರೆಗೂ ಅಕ್ಷರ ತಿದ್ದಿಸಿದೆ.

ಮೊನ್ನೆ ಆ ಲಂಗವನ್ನು ಒರೆಸುವ ಬಟ್ಟೆ ಮಾಡಲು ಮನಸ್ಸು ಬಾರದೆ ಜಮೀಲಕ್ಕನ ಮನೆಗೆ ಒಯ್ದೆ. ಇಬ್ಬರೂ ನಕ್ಕೆವು. ಹೊಸ ಲಂಗಕ್ಕೆ ಅಳತೆ ಕೊಡಲು ನಿಂತೆ. ಅವರು ಬಗ್ಗಿ ಎರಡೂ ಕಡೆ ಟೇಪು ಹಿಡಿದು, ಮತ್ತೊಮ್ಮೆ ಹಿಡಿದು ಹೇಳಿದರು.

"ಅರ್ಧ ಇಂಚು ಮತ್ತೆ ಬಂದೈತೆ ಟೀಚರಮ್ಮ. ಈ ಸಲ ಬಾಯಿಬಿಟ್ಟು ಹೇಳ್ತಿದೀನಿ."

ನಿವೃತ್ತಳಾದ ಮೇಲೆ ಗೋಡೆಯ ಪಕ್ಕ ನಿಲ್ಲುವುದನ್ನು ಬಿಟ್ಟಿದ್ದೆ. ಕತ್ತರಿಸಬೇಡಿ, ಸಮವಾಗಿಯೇ ಹೊಲಿಯಿರಿ, ನೆಲಕ್ಕೆ ಎಳೆದರೆ ನನಗೇ ನೆನಪಾಗುತ್ತದೆ ಎಂದೆ. ಅವರು ತಲೆಯಾಡಿಸಿ ಅಳತೆ ಬರೆದುಕೊಳ್ಳಲು ಮೇಜಿನ ಕಡೆ ತಿರುಗಿದರು. ಬಲಗಾಲ ಮೇಲೆ ಭಾರ ಹಾಕಿ, ಸೊಂಟವನ್ನು ಮೇಜಿನ ಅಂಚಿಗೆ ಒರಗಿಸಿ ನಿಂತಿದ್ದರು. ಇಷ್ಟು ವರ್ಷ ಆ ಕೋಣೆಗೆ ಹೋಗಿಬಂದರೂ ನಾನು ಅದನ್ನು ನೋಡಿರಲಿಲ್ಲ.

"ಜಮೀಲಕ್ಕ," ಅಂದೆ, "ಮೊದ್ಲು ನೀವು ಎರಡೂ ಕಾಲ ಮೇಲೆ ನಿಂತ್ಕೊಳ್ಳಿ."