ಜಪಾನು, ಇಟಲಿ ಮತ್ತು ಕತ್ತಿಗೆ ಹಚ್ಚುವ ಎಣ್ಣೆ

ನಮ್ಮ ಕಡೆ ಎಮ್ಮೆಗೂ ಬೈಕಿಗೂ ಕೇಳುವ ಪ್ರಶ್ನೆ ಒಂದೇ: 'ಎಷ್ಟು ಕೊಡ್ತು?' ಎಮ್ಮೆಯಾದರೆ ಹಾಲು, ಬೈಕಾದರೆ ಲೀಟರಿಗೆ ಕಿಲೋಮೀಟರು. ಶಿರಸಿಯ ಪೇಟೆಯಲ್ಲಿ ನನ್ನ ಸಾವಿರ ಸಿಸಿಯ ಜಪಾನಿ ಬೈಕು ನಿಂತಿತೆಂದರೆ ಮೊದಲು ಅದರ ಸುತ್ತ ಒಂದು ಪ್ರದಕ್ಷಿಣೆ ಆಗುತ್ತದೆ, ಆಮೇಲೆ ಈ ಪ್ರಶ್ನೆ ಬರುತ್ತದೆ. ನಾನು 'ಹದಿನಾಲ್ಕು' ಎನ್ನುತ್ತೇನೆ. ಗೊಡ್ಡೆಮ್ಮೆ ಕಟ್ಟಿಕೊಂಡವನನ್ನು ನೋಡುವ ಕನಿಕರ ಕೇಳಿದವರ ಮುಖದಲ್ಲಿ ಮೂಡುತ್ತದೆ. ಅಲ್ಲಿಗೆ ಸಂಭಾಷಣೆ ಮುಗಿಯುತ್ತದೆ.

'ಕೊಡ್ತು' ಎಂಬ ಈ ಶಬ್ದವೇ ಒಂದು ತಮಾಷೆ. ನಮ್ಮ ಮನೆಮಾತಿನಲ್ಲಿ ಅದರ ಅರ್ಥ 'ಕೊಡುತ್ತದೆ'. ಬೇರೆ ಸೀಮೆಯವರ ಕಿವಿಗೆ ಅದು 'ಕೊಟ್ಟಿತು'. ವರ್ತಮಾನದ ಮೈಮೇಲೆ ಭೂತ ಬಂದಂತೆ. ನನಗೆ ಭೂತಗಳ ಭಯವಿಲ್ಲ, ಭೂತಕಾಲದ್ದು ಇದೆ. ಅದು ಪ್ರತಿ ಸಲ ಬೇರೆ ಅಂಗಿ ತೊಟ್ಟು ಬರುತ್ತದೆ, ಮತ್ತು ಪ್ರತಿ ಸಲವೂ ನಾನು ಅದನ್ನು ಹಳೆಯ ಪರಿಚಯದವನೆಂದೇ ಒಳಗೆ ಕರೆಯುತ್ತೇನೆ. ಈಗ ಹೇಳಹೊರಟ ಬೆಳಗನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿದಷ್ಟೂ ಅದು ನುಣುಪಾಗಿದೆ. ನುಣುಪಾದದ್ದನ್ನು ನಂಬಬಾರದೆಂಬುದೇ ಆ ಬೆಳಗಿನ ಪಾಠವಾದ್ದರಿಂದ, ಓದುವ ನೀವೂ ಸ್ವಲ್ಪ ಅನುಮಾನದಿಂದಲೇ ಓದಿ.

ನಾನು ಶಿರಸಿಯಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಊರವರಿಗೆಲ್ಲ ದೂರದ್ದೂ ಹತ್ತಿರದ್ದೂ ಕಾಣುವಂತೆ ಮಾಡಿ, ನಲವತ್ತೆಂಟನೆಯ ವಯಸ್ಸಿನಲ್ಲಿ ನನಗೆ ಎರಡೂ ಕಾಣದೆ ಈ ಬೈಕು ತೆಗೆದುಕೊಂಡೆ. ಯಲ್ಲಾಪುರದ ಇಸ್ಮಾಯಿಲ್ ನನ್ನ ಪ್ರತಿಸ್ಪರ್ಧಿ. ಅವನದು ಮೂರು ತಲೆಮಾರಿನ ಲಾರಿಯ ಮನೆತನ. ಹಾಲುಹಲ್ಲು ಬೀಳುವ ಮೊದಲೇ ಅಪ್ಪನ ಪಕ್ಕ ಕೂತು ಅರಬೈಲ್ ಘಟ್ಟ ಇಳಿದವನು. ಅವನ ಬಳಿ ಕೆಂಪು ಬಣ್ಣದ ಇಟಲಿಯ ಬೈಕು. ಕಂಪನಿಗಳ ಹೆಸರು ನಮಗೆ ಬೇಕಿರಲಿಲ್ಲ. ನನ್ನದು 'ಜಪಾನು', ಅವನದು 'ಇಟಲಿ'. ಎರಡು ದೇಶಗಳು ನಮ್ಮಿಬ್ಬರ ಮೂಲಕ ನಾಲ್ಕು ವರ್ಷ ವಾಗ್ಯುದ್ಧ ನಡೆಸಿದವು.

ವಾದದ ಸಾರ ಇಷ್ಟು. ಜಪಾನಿಗೆ ನಾಲ್ಕು ಸಿಲಿಂಡರು. ಮೊದಲು ಮಿಕ್ಸರಿನಂತೆ ಗುಂಯ್‌ಗುಟ್ಟುತ್ತ ಸಭ್ಯವಾಗಿರುತ್ತದೆ, ಆಮೇಲೆ ಒಮ್ಮೆಲೇ ಬೆನ್ನು ತಟ್ಟಿ ಆಚೆ ಜಿಲ್ಲೆಗೆ ದೂಡುತ್ತದೆ. ಇಟಲಿಗೆ ಎರಡೇ ಸಿಲಿಂಡರು. ಸ್ಟೀಲ್ ಡಬ್ಬಿಯಲ್ಲಿ ಚಮಚ ಹಾಕಿ ಕುಲುಕಿದ ಹಾಗೆ ಸದ್ದು, ನಿಂತಲ್ಲೇ ನಡುಕ, ಕೂತವನ ತೊಡೆಯ ಮೇಲೆ ಹಪ್ಪಳ ಸುಡಬಹುದಾದಷ್ಟು ಬಿಸಿ. ನನ್ನದು ಕೆಡುವುದಿಲ್ಲ, ಹಾಗಾಗಿ ಅದರ ಬಗ್ಗೆ ಹೇಳಲು ಕಥೆಗಳಿಲ್ಲ. ಅವನದಕ್ಕೆ ಒಂದು ರಬ್ಬರ್ ವಾಷರು ಬೇಕಾದರೂ ಹುಬ್ಬಳ್ಳಿಗೆ ಫೋನು, ಅಲ್ಲಿಂದ ಬೆಂಗಳೂರು, ಅಲ್ಲಿಂದ ಹಡಗು. ಆದರೆ ಆ ಕಾಯುವಿಕೆಯನ್ನು ಇಸ್ಮಾಯಿಲ್ ವಿರಹವೆಂಬಂತೆ ವರ್ಣಿಸುತ್ತಿದ್ದ. 'ನಿಮ್ಮದು ಫ್ರಿಜ್ ಹೆಗಡೇರೆ, ಫ್ರಿಜ್. ತಂಪಾಗಿರ್ತದೆ, ಕರೆಂಟು ತಿಂತದೆ. ಅದಕ್ಕೆ ಯಾರಾದ್ರೂ ಶಾಯರಿ ಬರೀತಾರೇನ್ರಿ?' ಎಂಬುದು ಅವನ ಕೊನೆಯ ಬಾಣ. ರಸ್ತೆ ಉಬ್ಬುಗಳಲ್ಲಿ ಹೊಟ್ಟೆ ಉಜ್ಜುವ ವಿಷಯದಲ್ಲಿ ಮಾತ್ರ ಎರಡೂ ದೇಶ ಸಮಾನ. ಹಿಂದೆ ಕೂರಲು ಇಬ್ಬರ ಹೆಂಡಂದಿರೂ ಒಪ್ಪಲಿಲ್ಲ. ನನ್ನವಳು ಆ ಸೀಟನ್ನು ನೋಡಿ, ಇದು ಮನುಷ್ಯರು ಕೂರುವುದಕ್ಕೋ ಕೋಳಿ ಕೂರುವುದಕ್ಕೋ ಎಂದು ವಿಚಾರಿಸಿದ್ದಳು.

ಇನ್ನೊಂದು ವ್ಯತ್ಯಾಸವಿದೆ. ಆಗ ಅದು ನನಗೆ ಪುಸ್ತಕದ ಮಾತಾಗಿತ್ತು. ಇಟಲಿಯ ಆಕ್ಸಿಲರೇಟರು ಬಿಟ್ಟರೆ ಸಾಕು, ಯಾರೋ ಹಿಂದಿನಿಂದ ಹಗ್ಗ ಹಿಡಿದು ಜಗ್ಗಿದಂತೆ ಎಂಜಿನ್ನೇ ಗಾಡಿಯನ್ನು ತಡೆಯುತ್ತದೆ. ಜಪಾನು ಹಾಗಲ್ಲ, ಬಿಟ್ಟ ಮೇಲೂ ತೇಲಿಕೊಂಡು ಮುಂದೆ ಹೋಗುತ್ತದೆ. ಅದನ್ನು ನಿಲ್ಲಿಸುವುದು ಬ್ರೇಕು, ಬ್ರೇಕು ಮಾತ್ರ.

ಬಾಯಲ್ಲಿ ತೀರದ ವಾದವನ್ನು ಬೈಕು ಬದಲಿಸಿಕೊಂಡು ತೀರಿಸುವುದೆಂದು ಕಡೆಗೂ ನಿಶ್ಚಯವಾಯಿತು. ಯಲ್ಲಾಪುರದಿಂದ ಅರಬೈಲ್ ಘಟ್ಟದ ಬುಡದವರೆಗೆ ಅವನು ನನ್ನದರಲ್ಲಿ, ನಾನು ಅವನದರಲ್ಲಿ. ಕೆಳಗೆ ಚಹಾ, ತೀರ್ಪು. ಹಿಂದಿನ ಸಂಜೆಯೇ ನಾನು ಯಲ್ಲಾಪುರದ ತಂಗಿಯ ಮನೆಗೆ ಹೋಗಿ, ಹೆಣ್ಣು ತೋರಿಸುವವರ ಶ್ರದ್ಧೆಯಿಂದ ಬೈಕು ತೊಳೆದು ಅಂಗಳದಲ್ಲಿ ನಿಲ್ಲಿಸಿದೆ. ಬೆಳಿಗ್ಗೆ ಎದ್ದು ನೋಡಿದರೆ ಇಬ್ಬನಿಗೆ, ಬ್ರೇಕು ಒತ್ತಿ ಹಿಡಿಯುವ ಡಿಸ್ಕುಗಳ ಮೇಲೆ ಕಿತ್ತಳೆ ಬಣ್ಣದ ತೆಳು ತುಕ್ಕು. ಎರಡು ಸಲ ಬ್ರೇಕು ಒತ್ತಿದರೆ ಹೋಗುವ ತುಕ್ಕು ಅದು. ನನಗೆ ಗೊತ್ತಿತ್ತು. ಗೊತ್ತಿತ್ತು ಎಂದು ಈಗ ಅನಿಸುತ್ತದೆ.

ಆದರೆ ಇಸ್ಮಾಯಿಲ್ ನೋಡುತ್ತಾನಲ್ಲ! ನಮ್ಮ ಸೀಮೆಯಲ್ಲಿ ಕಬ್ಬಿಣ ಹೊಳೆಯುತ್ತಿಲ್ಲವೆಂದರೆ ಯಜಮಾನ ಸೋಮಾರಿ ಎಂದು ಅರ್ಥ. ಕತ್ತಿ, ಕೊಡಲಿ, ಈಳಿಗೆಮಣೆ, ಯಾವುದಕ್ಕೆ ತುಕ್ಕು ಕಂಡರೂ ನಮ್ಮ ಕೈ ತಲೆಯನ್ನು ಕೇಳದೆ ಎಣ್ಣೆಗೆ ಹೋಗುತ್ತದೆ.

'ಎಂತಕ್ಕೋ ಅಣ್ಣಾ ಎಣ್ಣೆ?' ಎಂದು ತಂಗಿ ಒಳಗಿನಿಂದ ಕೇಳಿದಳು.

'ತುಕ್ಕು ಬೈಂದು.'

'ಕತ್ತಿಗೆ ಹಚ್ಚೋದು ಅಲ್ಲೇ ಮೂಲೆಲಿದ್ದು, ತಗ. ತಲೆಗೆ ಹಚ್ಚೋ ಕುಪ್ಪಿ ಮುಟ್ಟಡ.'

ಹಳೆಯ ಬನಿಯನ್ನಿನ ಚೂರಿಗೆ ಕಮಟು ತೆಂಗಿನೆಣ್ಣೆ ಹಾಕಿ ನಾನು ಮುಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತೆ. ಅಷ್ಟು ನಿಜ. ನಂತರ ತಂಗಿ ದೋಸೆಕಾವಲಿಯ ಮುಂದಿನಿಂದ, 'ತೆಳ್ಳೇವು ಆರ್ತಾ ಇದ್ದು, ಬಾರೋ' ಎಂದು ಕೂಗಿದಳು. ಅದೂ ನಿಜ. ಇವೆರಡರ ನಡುವೆ ನಾನು ಮಾಡಿದ್ದೇನು ಎಂಬಲ್ಲಿ ಒಂದು ತೂತಿದೆ.

ಇಸ್ಮಾಯಿಲ್ ಬಂದ, ತೆಳ್ಳೇವು ತಿಂದ, ಬೈಕಿನ ಸುತ್ತ ಸುತ್ತಿ, 'ಏನ್ರಿ ಹೆಗಡೇರೆ, ಮದುಮಗಳ ಹಾಗೆ ಮಾಡೀರಿ!' ಎಂದ. ನನಗೆ ಹಿಗ್ಗು. ಹೊರಟೆವು. ಆ ಕಡೆಯ ರಸ್ತೆ ಮೊದಲು ಬಹಳ ದೂರ ಸಲೀಸು. ಬೆಳಗ್ಗೆ ವಾಹನಗಳೂ ಕಡಿಮೆ. ಅವನು ಮುಂದೆ, ನಾನು ಹಿಂದೆ. ಇಟಲಿಯ ನಡುಕ ನನ್ನ ಹಲ್ಲುಗಳವರೆಗೆ ಬಂದಿತ್ತು. ಅದು ನನಗೆ ಬಹಳ ಇಷ್ಟವಾಗುತ್ತಿದೆ ಎಂಬುದನ್ನು ಹೇಗೆ ಮುಚ್ಚಿಡುವುದೆಂದು ಯೋಚಿಸುತ್ತಿದ್ದೆ.

ಘಟ್ಟದ ತಲೆಯಲ್ಲಿ ನಿಂತೆವು. ಇಸ್ಮಾಯಿಲ್ ಹೆಲ್ಮೆಟಿನ ಗಾಜು ಎತ್ತಿ ಹೇಳಿದ: 'ನಿಮ್ಮ ಬ್ರೇಕು ಭಾಳ ಮೆತ್ತಗದೆಯಲ್ರಿ? ಮುಂದಿಂದು ಎಷ್ಟು ಒತ್ತಿದ್ರೂ ಜಾರಿದ ಹಾಗೆ ಆಗ್ತದೆ.'

ಓದುಗರೇ, ಇಲ್ಲಿ ಒಬ್ಬ ಸ್ನೇಹಿತನಿದ್ದಿದ್ದರೆ 'ಹೌದೇ? ನೋಡೋಣ' ಎನ್ನುತ್ತಿದ್ದ. ಅಲ್ಲಿದ್ದದ್ದು ಜಪಾನಿನ ರಾಯಭಾರಿ. 'ನಿಮ್ಮ ಇಟಲಿ ಕಚ್ಚುತ್ತದೆ ಭಾಯಿ, ನಮ್ಮದು ಹಿಡಿಯುತ್ತದೆ. ಮೃದುತ್ವ ಅಂತಾರೆ ಇದಕ್ಕೆ. ಅಭ್ಯಾಸ ಬೇಕು,' ಎಂದೆ. ಅವನು ನಕ್ಕು, 'ಆಯ್ತು ಬಿಡ್ರಿ, ಮೃದುತ್ವ ನೋಡೇ ಬಿಡುವ' ಎಂದು ಗಾಜು ಇಳಿಸಿ ಇಳಿಜಾರಿಗೆ ಹೊರಟ.

ನಾನು ಬೆವರು ಒರೆಸಲು ಕೈಗವಸು ತೆಗೆದೆ. ಬೆರಳುಗಳಿಂದ ಕಮಟು ತೆಂಗಿನೆಣ್ಣೆಯ ವಾಸನೆ ಬಂತು.

ಭಯವೆಂದರೆ ಎದೆ ಬಡಿದುಕೊಳ್ಳುವುದೆಂದು ಬರೆಯುತ್ತಾರೆ. ನನ್ನ ಎದೆ ಏನೂ ಮಾಡಲಿಲ್ಲ. ಮೈಯೊಳಗಿನ ಸದ್ದುಗಳೆಲ್ಲ ನಿಂತು, ತಿರುವಿನಲ್ಲಿ ಮರೆಯಾಗುತ್ತಿದ್ದ ನನ್ನದೇ ಬೈಕಿನ ಹಿಂಬದಿಯ ಕೆಂಪು ದೀಪ ಮಾತ್ರ ಕಂಡಿತು. ಅದು ಹತ್ತುತ್ತಿತ್ತು, ಆರುತ್ತಿತ್ತು. ಅವನು ಬ್ರೇಕು ಒತ್ತುತ್ತಿದ್ದ. ಇಟಲಿಯ ಅಭ್ಯಾಸದವನು, ಆಕ್ಸಿಲರೇಟರು ಬಿಟ್ಟು ಎಂಜಿನ್ನು ಹಿಡಿಯುತ್ತದೆಂದು ಕಾಯುವವನು, ತೇಲುವ ಗಾಡಿಯ ಮೇಲೆ ಕೂತಿದ್ದ.

ಬೆನ್ನಟ್ಟಿದೆ. ಹಾರ್ನು ಒತ್ತಿದೆ, ಒತ್ತುತ್ತಲೇ ಹೋದೆ. ನಾಲ್ಕು ವರ್ಷ ವಾದಿಸಿದ ಇಬ್ಬರ ನಡುವೆ ಹಾರ್ನಿಗೆ ಒಂದೇ ಅರ್ಥವಿರುತ್ತದೆ. ಇಸ್ಮಾಯಿಲ್ ಎಡಗೈ ಎತ್ತಿ, 'ಬನ್ನಿ, ಬನ್ನಿ' ಎಂಬಂತೆ ಆಡಿಸಿ, ವೇಗ ಹೆಚ್ಚಿಸಿದ.

ಆಮೇಲೆ ನಾನು ಹಾರ್ನು ಒತ್ತಲಿಲ್ಲ. ಹತ್ತಿರ ಹೋಗಲು ಧೈರ್ಯವಿಲ್ಲ, ದೂರ ಉಳಿಯಲು ಮನಸ್ಸಿಲ್ಲ. ಎದುರಿನಿಂದ ಸರಕು ಹೊತ್ತ ಲಾರಿಗಳು ಏದುಸಿರು ಬಿಡುತ್ತ ಹತ್ತುತ್ತಿದ್ದವು. ಒಂದು ಬದಿ ಗುಡ್ಡ, ಇನ್ನೊಂದು ಬದಿ ಮರಗಳ ತುದಿಗಳು ಮಾತ್ರ ಕಾಣುವ ಆಳ. ನಾನು ಮಾಡುತ್ತಿದ್ದದ್ದು ಒಂದೇ, ನೆನಪಿಸಿಕೊಳ್ಳುವುದು. ಎಡ ಡಿಸ್ಕಿಗೆ ಹಚ್ಚಿದೆ. ಬಲದ್ದಕ್ಕೆ? ಹಚ್ಚಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿದೆನಲ್ಲ. ಹೌದು, ಒರೆಸಿದ್ದು ಕಾಣುತ್ತಿದೆ. ಮರುತಿರುವಿನಲ್ಲಿ ಅದೇ ಚಿತ್ರದಲ್ಲಿ ಒಣಬಟ್ಟೆ ಇರಲಿಲ್ಲ. ಇನ್ನೊಂದು ತಿರುವಿನಲ್ಲಿ ನಾನು ಹಚ್ಚಿಯೇ ಇರಲಿಲ್ಲ, ಬೆರಳಿಗೆ ತಾಗಿದ್ದಷ್ಟೇ. ಮನಸ್ಸು ನನಗೆ ಬೇಕಾದ ಬೆಳಗನ್ನು ಬೇಗಬೇಗ ತಯಾರಿಸಿ ಕೊಡುತ್ತಿತ್ತು. ಒಂದೊಂದೂ ಸ್ಪಷ್ಟ, ಒಂದೊಂದೂ ಬೇರೆ. ಬೆರಳಿನ ವಾಸನೆ ಮಾತ್ರ ಬದಲಾಗಲಿಲ್ಲ.

ಆ ತಿರುವು ಎಷ್ಟನೆಯದೆಂದು ಹೇಳಲಾರೆ. ಎದುರಿನ ಲಾರಿ ತಿರುಗಿಸಿಕೊಳ್ಳಲು ಇಡೀ ರಸ್ತೆ ತೆಗೆದುಕೊಂಡಿತ್ತು. ಕೆಂಪು ದೀಪ ಹತ್ತಿತು, ಆರಲೇ ಇಲ್ಲ. ಗಾಡಿ ನಿಲ್ಲಲಿಲ್ಲ. ಒಂದೊಂದಾಗಿ ಗೇರು ಬೀಳುವ ಸದ್ದು, ಎಂಜಿನ್ನಿನ ಕಿರುಚು. ಲಾರಿಯ ಕ್ಯಾಬಿನ್ನಿನಲ್ಲಿ ಚಾಲಕನ ಬಾಯಿ ತೆರೆದದ್ದು ನನಗೆ ಕಂಡಿತು, ಅಥವಾ ಕಂಡಿತೆಂದು ನಾನು ಆಮೇಲೆ ಸೇರಿಸಿಕೊಂಡೆ. ಗುಡ್ಡದ ಬದಿಗೆ, ಮಳೆಗಾಲದಲ್ಲಿ ಕುಸಿದ ಮಣ್ಣನ್ನು ರಾಶಿ ಹಾಕಿದ್ದರು. ಇಸ್ಮಾಯಿಲ್ ಲಾರಿಗೂ ಗುಡ್ಡಕ್ಕೂ ನಡುವೆ ನುಗ್ಗಿ, ಆ ರಾಶಿಯೊಳಗೆ ಗಾಡಿಯನ್ನು ಹುಗಿದ. ಕೆಂಪು ಧೂಳು ಎದ್ದಿತು. ಲಾರಿ ನಿಂತಿತು.

ಧೂಳಿನೊಳಗೆ ಅವನು ಎದ್ದು ನಿಂತಿದ್ದ.

ಮೊಣಕಾಲು ಸುಲಿದಿತ್ತು. ನಾನು ಓಡಿಹೋದೆ. ಅವನು ಹೆಲ್ಮೆಟು ತೆಗೆದು ಮೊದಲು ಆಡಿದ ಮಾತು ಇದು: 'ಮಾಫ್ ಮಾಡ್ರಿ ಹೆಗಡೇರೆ. ನಿಮ್ಮ ಗಾಡಿ ಕೆಡಿಸಿಬಿಟ್ಟೆ. ನಿಮ್ಮ ಬ್ರೇಕು ನನಗೆ ಅರ್ಥ ಆಗ್ಲಿಲ್ಲ.'

ಲಾರಿಯ ಚಾಲಕ ಇಳಿದು ಬಂದು, 'ಘಾಟದಾಗ ಏನ್ ಸರ್ಕಸ್ ನಡಿಸೀರ್ರಿ? ಮನ್ಯಾಗ ಹೆಂಡ್ತಿ ಮಕ್ಕಳು ಇಲ್ಲೇನು?' ಎಂದು ಇಬ್ಬರಿಗೂ ಸಮನಾಗಿ ಬೈದು ನೀರಿನ ಬಾಟಲಿ ಕೊಟ್ಟ. ಇಸ್ಮಾಯಿಲ್ ನೀರು ಕುಡಿದು, ಮಣ್ಣಿನಲ್ಲಿ ಹೂತ ಮುಂದಿನ ಚಕ್ರದ ಬಳಿ ಸ್ವಲ್ಪ ಹೊತ್ತು ಕೂತ. ಆಗ ನಾನು ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದೆ: 'ತಪ್ಪು ನಿನ್ನದಲ್ಲ ಭಾಯಿ. ನಾನು ಡಿಸ್ಕಿಗೆ ಎಣ್ಣೆ ಹಚ್ಚಿದ್ದೆ. ಘಟ್ಟದ ತಲೆಯಲ್ಲಿ ನೀನು ಕೇಳಿದಾಗಲೂ ನಾನು ಜಂಬ ಹೊಡೆದೆ.' ಅವನು ತಲೆಯಾಡಿಸಿದ. ಇಬ್ಬರ ಕಣ್ಣಲ್ಲೂ ನೀರು.

ಈ ಕಥೆಯನ್ನು ಎರಡು ವರ್ಷ ಹೀಗೆಯೇ ಹೇಳಿಕೊಂಡು ಬಂದೆ. ಅಂಗಡಿಗೆ ಬಂದವರಿಗೆ, ಮದುವೆಮನೆಗಳಲ್ಲಿ, ಭೈರುಂಬೆಯ ನೆಂಟರ ಜಗಲಿಯಲ್ಲಿ. ಭಯದ ಕಥೆಯಾದರೂ ಕೊನೆಗೆ ಒಬ್ಬ ಪ್ರಾಮಾಣಿಕ ಸಿಗುತ್ತಾನೆ. ಅವನು ನಾನೇ ಎಂಬ ಕಾರಣಕ್ಕೆ ನನಗೆ ಅದು ಬೇಸರ ತರಲಿಲ್ಲ. ಕಳೆದ ತಿಂಗಳು ಯಲ್ಲಾಪುರದಲ್ಲಿ, ಇಸ್ಮಾಯಿಲನ ಲಾರಿ ಗ್ಯಾರೇಜಿನ ಎದುರು ಒಂದಿಬ್ಬರು ಹೊಸ ಬೈಕಿನವರಿಗೆ ಇದನ್ನು ಹೇಳುತ್ತಿದ್ದೆ. ಹೆಗಲ ಮೇಲೆ ಕೈಯಿಟ್ಟ ಜಾಗಕ್ಕೆ ಬಂದಾಗ ಇಸ್ಮಾಯಿಲ್ ಚಹಾದ ಲೋಟದೊಳಗೆ ನೋಡುತ್ತಿದ್ದ. ಅವರು ಹೋದ ಮೇಲೆ ಕೇಳಿದೆ, ಯಾಕೆ ಸುಮ್ಮನಿದ್ದೀ ಎಂದು.

'ಏನಿಲ್ಲ ಬಿಡ್ರಿ. ಕಥೆ ಚಂದ ಅದೆ.'

'ಹೇಳು ಭಾಯಿ.'

ಅವನು ಲೋಟ ಕೆಳಗಿಟ್ಟ. 'ನೀವು ಹೇಳ್ಲಿಲ್ಲ ಹೆಗಡೇರೆ.'

'ಏನು ಹೇಳಲಿಲ್ಲ?'

'ಎಣ್ಣೆ ವಿಷಯ. ಆ ದಿನ ಹೇಳ್ಲಿಲ್ಲ, ಆಮೇಲೂ ನನಗೆ ಹೇಳ್ಲಿಲ್ಲ. ಚಕ್ರದ ಹತ್ರ ಕೂತಾಗ ವಾಸನೆ ಬಂತು. ನಮ್ಮಮ್ಮನೂ ಕತ್ತಿಗೆ ಅದೇ ಹಚ್ತಿದ್ಳು, ನನಗೆ ಗೊತ್ತಾಗೂದಿಲ್ವಾ? ತಿರುಗಿ ನಿಮ್ಮ ಮುಖ ನೋಡ್ದೆ. ನೀವು ಲಾರಿಯವನ ಹತ್ರ, ಹೊಸ ಗಾಡಿ, ರೂಢಿ ಇಲ್ಲ ಅವನಿಗೆ, ಅಂತಿದ್ರಿ.'

ನಾನು ಆ ಬೆಳಗನ್ನು ಮತ್ತೆ ತೆರೆದು ನೋಡಿದೆ. ಹೆಗಲ ಮೇಲಿನ ಕೈ ಅಲ್ಲೇ ಇತ್ತು, ಸ್ಪಷ್ಟವಾಗಿ. ಅವನ ಅಂಗಿಯ ಬೆವರು ಸಹ ಅಂಗೈಗೆ ತಾಗುತ್ತಿತ್ತು. ಅದರ ಪಕ್ಕದಲ್ಲೇ, ಮೊದಲಿನಿಂದಲೂ ಅಲ್ಲಿತ್ತೆಂಬಂತೆ, ಲಾರಿಯ ಬಾಗಿಲಿಗೆ ಒರಗಿ 'ರೂಢಿ ಇಲ್ಲ ಅವನಿಗೆ' ಎನ್ನುತ್ತಿರುವ ನಾನೂ ಕಂಡೆ. ಇಬ್ಬರೂ ನನ್ನಂತೆಯೇ ಇದ್ದರು. ಘಟ್ಟದಲ್ಲಿ ಮೈಯ ಸದ್ದುಗಳು ನಿಂತಂತೆ ಮತ್ತೊಮ್ಮೆ ನಿಂತವು.

'ಹಾಗಾದರೆ ಎರಡು ವರ್ಷ ಯಾಕೆ ಕೇಳಲಿಲ್ಲ ನೀನು?'

'ಕೇಳಿದ್ರೆ ನೀವು ಇಲ್ಲ ಅಂದಿದ್ರೆ? ಆಮೇಲೆ ನಾವು ಹೇಗೆ ಚಹಾ ಕುಡಿಯೂದು?'

ನಾನು ಹೇಳಿದೆ. ಗ್ಯಾರೇಜಿನ ಎದುರು, ಹಾಡುಹಗಲಲ್ಲಿ, ಯಾರ ಹೆಗಲನ್ನೂ ಮುಟ್ಟದೆ: ಎಣ್ಣೆ ಹಚ್ಚಿದ್ದು ನಾನು, ಜಂಬಕ್ಕೆ ಸುಳ್ಳು ಹೇಳಿದ್ದು ನಾನು, ನೀನು ಸಾಯಬಹುದಿತ್ತು. ಮಾತು ನನ್ನ ಕಥೆಯಲ್ಲಿದ್ದಷ್ಟು ಚೆನ್ನಾಗಿ ಬರಲಿಲ್ಲ. ನಡುವೆ ಎರಡು ಸಲ ತಡವರಿಸಿದೆ. ಇಸ್ಮಾಯಿಲ್ ಕೆಳಗಿಟ್ಟ ಲೋಟವನ್ನು ಮತ್ತೆ ಎತ್ತಿಕೊಂಡ.

'ಹಿಂದಿನ ಚಕ್ರಕ್ಕೆ ಹಚ್ಚಿರಲಿಲ್ಲ ನೀವು,' ಎಂದ. 'ಅದೊಂದು ಹಿಡೀತು. ನಿಮ್ಮ ತಂಗಿ ತೆಳ್ಳೇವಿಗೆ ಕರೆಯೋದು ಎರಡು ನಿಮಿಷ ತಡ ಆಗಿದ್ರೆ, ಅದಕ್ಕೂ ಹಚ್ತಿದ್ರಿ.'

ಅವನು ನಗಲಿಲ್ಲ. ನಾನೂ ನಗಲಿಲ್ಲ. ಚಹಾ ಮುಗಿಸಿ ಎದ್ದೆವು.

ಇದನ್ನು ಬರೆಯುವಾಗಲೇ ನನ್ನ ಮನಸ್ಸು ಕೆಲಸಕ್ಕಿಳಿದಿರುವುದು ಗೊತ್ತಾಗುತ್ತಿದೆ. ಇನ್ನೊಂದು ವರ್ಷಕ್ಕೆ ಗ್ಯಾರೇಜು ಹೋಗಿ ಘಟ್ಟ ಬಂದೀತು, ತಡವರಿಕೆ ಹೋದೀತು, ಕೈ ಮತ್ತೆ ಅವನ ಹೆಗಲನ್ನು ಹುಡುಕಿಕೊಂಡೀತು. ನೀವು ಎಂದಾದರೂ ನನ್ನ ಅಂಗಡಿಗೆ ಬಂದು, ನಾನು ಆ ಕಥೆ ತೆಗೆದರೆ, ದಯವಿಟ್ಟು ಅರ್ಧದಲ್ಲೇ ತಡೆಯಿರಿ. ಅಲ್ಲಿ, ಆ ಮಣ್ಣಿನ ರಾಶಿಯ ಬಳಿ, ಅವನು ನನ್ನ ಮುಖ ನೋಡಿದಾಗ, ನಾನು ಹೇಳಲಿಲ್ಲ.