ಗೆರೆ ಮುಟ್ಟಿದ ಶನಿವಾರ

ರಾಯದುರ್ಗದಲ್ಲಿ ನಾನು ಜೀನ್ಸ್ ಹೊಲಿಯುತ್ತಿದ್ದ ಶೆಡ್ಡಿನಲ್ಲಿ ಶನಿವಾರ ಯಾರೂ ಗಡಿಯಾರ ನೋಡುತ್ತಿರಲಿಲ್ಲ, ಗೋಡೆ ನೋಡುತ್ತಿದ್ದೆವು. ಹೊಲಿದ ಪ್ಯಾಂಟನ್ನು ಕೂತಲ್ಲಿಂದಲೇ ಮೂಲೆಗೆ ಎಸೆಯಬೇಕು. ಅಲ್ಲಿ ಗೋಡೆಯ ಮೇಲೆ ಸಾವುಕಾರರು ಎದೆಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದಿದ್ದರು. ರಾಶಿಯ ತುದಿ ಗೆರೆ ಮುಟ್ಟಿದರೆ ಎಲ್ಲರಿಗೂ ಬಿಡುಗಡೆ. ಎಣಿಸುವುದೆಂದರೆ ಅವರಿಗೆ ಬೇಸರ. ಎತ್ತರಿಸಲೆಂದು ರಾಶಿಗೆ ಕೈ ಹಚ್ಚಿದವನಿಗೆ ಮಾತ್ರ ಮರುದಿನ ಭಾನುವಾರವೂ ಕೆಲಸ.

ಗೆರೆ ಮುಟ್ಟುವಾಗ ಸಂಜೆ ಆಗಿಯೇ ಆಗುತ್ತಿತ್ತು. ಎಲ್ಲಿ ಎಸೆದರೂ ಪ್ಯಾಂಟು ಜಾರಿ ತಗ್ಗಿಗೆ ಹೋಗುತ್ತಿತ್ತು. ರಾಶಿ ಸಮನಾಗಿಯೇ ಏರುತ್ತಿತ್ತು; ಅಲ್ಲಿ ಒಂದು ಗೇಣು ಹೆಚ್ಚು, ಇಲ್ಲಿ ಒಂದು ಗೇಣು ಕಡಿಮೆ, ಅಷ್ಟೇ.

ಆ ಶನಿವಾರ ನನಗೆ ನಾಲ್ಕು ಗಂಟೆಯ ಮಡಕಶಿರಾ ಬಸ್ಸು ಬೇಕಿತ್ತು. ಅದೇ ಕೊನೆಯದು. ಮರುದಿನ ಬೆಳಿಗ್ಗೆ ಮಡಕಶಿರಾ ಹತ್ತಿರದ ಅಗಳಿಯ ನಮ್ಮ ಮನೆಗೆ ಹೆಣ್ಣಿನ ಕಡೆಯವರು ನನ್ನನ್ನು ನೋಡಲು ಬರುವವರಿದ್ದರು. ಎರಡು ಸಲ ಬಂದು ಖಾಲಿ ಕುರ್ಚಿ ನೋಡಿ ಹೋಗಿದ್ದರು. ಈ ಸಲವೂ ಹುಡುಗ ಇಲ್ಲದಿದ್ದರೆ ಬೇರೆ ಕಡೆ ನೋಡುತ್ತೇವೆ ಎಂದು ಹೇಳಿ ಕಳಿಸಿದ್ದರು.

ಮೂರೂವರೆಗೆ ರಾಶಿ ಗೆರೆಗಿಂತ ಎರಡು ಗೇಣು ಕೆಳಗಿತ್ತು.

"ಇವತ್ತೊಂದಿನ ಬಿಡ್ರಿ ಸಾವ್ಕಾರ್ರ," ಎಂದೆ.

"ಗೆರೀನ ಕೇಳಪಾ. ಬಿಡಾಕ ನಾ ಯಾರು?"

ಪಕ್ಕದ ಮೆಷಿನ್ನಿನ ಅಣ್ಣ ರಾಯದುರ್ಗದವನೇ. ನಕ್ಕ. "ಹೆಣ್ಣನ್ನ ಇಲ್ಲಿಗೇ ಕರಸಲೇ. ರಾಶಿ ಮ್ಯಾಲೆ ಕುಂದ್ರಸಿದ್ರ ಗೆರಿ ಮುಟ್ಟತೈತಿ."

ಹೇಳುತ್ತಲೇ ಗೋಡೆ ಕಡೆಗೆ ಒಂದು ಪ್ಯಾಂಟು ಎಸೆದ. ಒಗೆಯದ ಜೀನ್ಸ್ ಬಟ್ಟೆ ಒಣ ರೊಟ್ಟಿಯ ಹಾಗೆ ಗಡುಸು. ಅದು ರಾಶಿಯ ಮೇಲೆ ಎರಡೂ ಕಾಲು ಊರಿ ನಿಂತುಬಿಟ್ಟಿತು. ನಾನು ಎಸೆದದ್ದು ಅದರ ಸೊಂಟಕ್ಕೆ ಸಿಕ್ಕಿಕೊಂಡಿತು. ಮುಂದಿನದು ಅದರ ಮೇಲೆ ಮಡಚಿ ಕೂತಿತು. ಒಂದೂ ಜಾರಲಿಲ್ಲ. ಉಳಿದ ರಾಶಿ ಇದ್ದಲ್ಲೇ ಇತ್ತು, ಗೋಡೆಗೊಂದು ಹುತ್ತ ಎದ್ದಿತು. ಐದನೆಯದು ಗೆರೆ ಮುಟ್ಟಿತು.

ಮೆಷಿನ್ನುಗಳೆಲ್ಲ ನಿಂತವು. ಸಾವುಕಾರರು ಬಂದು ಬಗ್ಗಿ ನೋಡಿದರು.

"ಯಾರಲೇ ನಿಲ್ಲಿಸಿದ್ದು?"

"ತಾನ ನಿಂತೈತ್ರಿ," ಎಂದ ಅಣ್ಣ.

"ತಾನ ಹೆಂಗ ನಿಂದರತೈತಿ?"

"ಅದನ್ನ ಕೇಳ್ರಿ."

ಕಟ್ಟಿಗೆಯ ಸ್ಕೇಲಿನಿಂದ ತಿವಿದರು. ಬೀಳಲಿಲ್ಲ. ಬಿಡಲೇಬೇಕಾಯಿತು. ನಾನು ಬಸ್ಸಿಗೆ ಓಡಿದೆ.

ಮರುದಿನ ಹುಡುಗಿಯ ಅಪ್ಪ ಕೇಳಿದರು: "ಈ ಸಲ ಹೆಂಗಪ್ಪ ಬಿಟ್ರು?"

"ಐದು ಪ್ಯಾಂಟು ನಿಂತ್ಕಂಡ್ವು. ಅದಕ್ಕೇ ಬಿಟ್ರು."

ಅವರು ನಮ್ಮಪ್ಪನ ಕಡೆ ತಿರುಗಿದರು. "ಬಿರ್‍ರನೆ ಕೆಲಸ ಮುಗಿಸ್ದೆ ಅಂತ ಹೇಳ್ಕಳಾಕೂ ನಾಚಿಕೆ ನೋಡಿ. ಒಳ್ಳೆ ಹುಡುಗ."

ಇನ್ನೊಮ್ಮೆ ಬಿಡಿಸಿ ಹೇಳಿದೆ. ಇನ್ನಷ್ಟು ಒಳ್ಳೆಯವನಾದೆ. ಮದುವೆ ಗೊತ್ತಾಯಿತು.

ಸೋಮವಾರ ಬಂದು ನೋಡಿದರೆ ಗೆರೆ ಒಂದು ಮೊಳ ಮೇಲೆ ಹೋಗಿತ್ತು. ಇಡೀ ಶೆಡ್ಡು ನನ್ನನ್ನೇ ಬೈದಿತು.

ಆಮೇಲೆ ವರ್ಷಗಟ್ಟಲೆ ಆ ರಾಶಿ ನೋಡಿದ್ದೇನೆ. ಒಂದು ಕಡೆ ಏರಲು ನಾಲ್ಕೈದು ಪ್ಯಾಂಟಿನ ಹುಚ್ಚು ಸಾಕು. ರಾಶಿಯ ನಡುವೆ ಆಳದ ತಗ್ಗು ಉಳಿಯಬೇಕಾದರೆ ಸುತ್ತಲಿನದೆಲ್ಲ ಜಾರದೆ ತಡೆದು ನಿಲ್ಲಬೇಕು. ಹುತ್ತ ಒಂದೇ ಸಲ ಕಂಡೆ, ಅಂಥ ತಗ್ಗು ಒಂದು ಸಲವೂ ಕಾಣಲಿಲ್ಲ.

ಮದುವೆಯಾದ ಮೇಲೆ ಹೆಂಡತಿಯೂ ಅದೇ ಶೆಡ್ಡಿಗೆ ಹೊಲಿಯಲು ಬಂದಳು. ಮೊದಲ ಶನಿವಾರವೇ ಕೇಳಿದಳು: "ಎಲ್ಲಿ ನಿಂತಿದ್ದು?"

ತೋರಿಸಿದೆ. ಗುರಿಯಿಟ್ಟು ಎಸೆದಳು. ಜಾರಿತು. ಇನ್ನೊಂದು ಎಸೆದಳು. ಅದೂ ಜಾರಿತು.

"ಒಂದೇ ಒಂದು ಸಲ ನಿಂತಿದ್ದಕ್ಕೆ ನಾನಿಲ್ಲಿ ಬಂದು ಕುಂತಿದೀನಿ," ಎಂದು ಹೇಳಿ ಮೂರನೆಯದನ್ನು ಸೂಜಿಯ ಕೆಳಗೆ ತಳ್ಳಿದಳು.