ಭಾಗೀರಥಿಬಾಯಿಯ ಸಾಕ್ಷಿ

ದೀಕ್ಷಾಸ್ನಾನದ ದಿನ ಮಿಶನ್ನಿನ ದೊರೆಸಾನಿ ಅವಳಿಗೆ ಮಾರ್ಥಾ ಎಂದು ಹೆಸರಿಟ್ಟಿದ್ದಳು. ಬೀದರಿನಲ್ಲಿ ಆ ಹೆಸರು ಯಾರ ಬಾಯಿಗೂ ಹತ್ತಲಿಲ್ಲ. ಔರಾದದ ಕೆಳಗಿನ ಕೇರಿಯಲ್ಲಿ ಸೂಲಗಿತ್ತಿಯ ಮಗಳಾಗಿ ಹುಟ್ಟಿದ ಭಾಗೀರಥಿಬಾಯಿ ಎಲ್ಲರಿಗೂ ಭಾಗೀರಥಿಬಾಯಿಯಾಗಿಯೇ ಉಳಿದಳು. ಗಂಡ ತೀರಿದ ಮೇಲೆ ಬೀದರಿನ ಪಕ್ಕದ ಚಿದ್ರಿಯ ಮನೆಮನೆಗೆ ಹೋಗಿ ಯೇಸುಸ್ವಾಮಿಯ ಕಥೆ ಹೇಳುವುದು ಅವಳ ಕೆಲಸವಾಯಿತು. ಬಾಗಿಲು ಹಾಕಿಕೊಳ್ಳುವವರೇ ಹೆಚ್ಚು. ಆದರೆ ಅರಸನ ಭಯಕ್ಕೆ ಕೂಸನ್ನು ಎತ್ತಿಕೊಂಡು ಪರದೇಶಕ್ಕೆ ಓಡಿದ ತಾಯಿತಂದೆಯ ಕಥೆ ಬಂದಾಗ ಹೆಂಗಸರು ಕೈಯಲ್ಲಿದ್ದ ಮೊರ ಕೆಳಗಿಟ್ಟು ಕೇಳುತ್ತಿದ್ದರು.

ಮಿಶನ್ನಿನ ಬಾಗಿಲು ಕಾಯುತ್ತಿದ್ದವನು ಹಬೀಬ. ಅವನ ಅಜ್ಜ ಕಾಬೂಲಿನ ಕಡೆಯಿಂದ ಕುದುರೆ ಮಾರಲು ಬಂದು ಇಲ್ಲೇ ನೆಲೆನಿಂತ ಪಠಾಣ. ಹಬೀಬ ಹುಟ್ಟಿದ್ದು ಔರಾದದಲ್ಲಿ. ಅವನ ಹೊಕ್ಕುಳಬಳ್ಳಿ ಕೊಯ್ದವಳು ಭಾಗೀರಥಿಬಾಯಿಯ ಅವ್ವ. ಆಗ ಏಳು ವರ್ಷದವಳಾಗಿದ್ದ ಭಾಗೀರಥಿ ಬಿಸಿನೀರು ಹೊತ್ತು ಕೊಟ್ಟಿದ್ದಳು. ಕಾಬೂಲು ಯಾವ ದಿಕ್ಕಿಗಿದೆ ಎಂದು ಯಾರಾದರೂ ಕೇಳಿದರೆ ಹಬೀಬ ಕಮಲನಗರದ ಕಡೆ ಕೈ ತೋರಿಸಿ ನಗುತ್ತಿದ್ದ. ಹೆಂಡತಿ ಖುರ್ಷಿದಾ ಬೇಗಂ ಭಾಲ್ಕಿಯವಳು. ಒಬ್ಬಳೇ ಮಗಳು, ಐದು ವರ್ಷದ ಕುಬರಾ.

ಎಲ್ಲೋ ಯಾರೋ ಪಠಾಣರು ದರೋಡೆ ಮಾಡಿದರಂತೆ. ನಿಜಾಮರ ಮುಲುಕಿನವರಲ್ಲದ ಪಠಾಣರನ್ನೆಲ್ಲ ಹಿಡಿದು ಸರಹದ್ದು ದಾಟಿಸಬೇಕೆಂದು ಹುಕುಂ ಬಂತು. ಒಂದು ಬೆಳಗ್ಗೆ ಜವಾನರು ಬಂದು ಹಬೀಬನನ್ನು ಬಾಗಿಲಿನಿಂದಲೇ ಕರೆದೊಯ್ದರು. ಇಬ್ಬರು ಮರ್ಯಾದಸ್ಥರು ಇವನು ಇಲ್ಲಿಯವನೆಂದು ಸಹಿ ಮಾಡಿಕೊಟ್ಟರೆ ಬಿಡುತ್ತಾರೆಂದು ತಿಳಿದು ಭಾಗೀರಥಿಬಾಯಿ ಸಭೆಯ ಪಾದ್ರಿ ಯೋಬಪ್ಪನವರ ಮನೆಗೆ ಓಡಿದಳು.

“ಬಾಯಿ, ಸರ್ಕಾರ ದೇವರು ಇಟ್ಟದ್ದು,” ಎಂದರು ಪಾದ್ರಿಗಳು. “ಒಬ್ಬ ಪಠಾಣನ ಸಲುವಾಗಿ ಇವತ್ತ ಸಹಿ ಮಾಡಿದ್ರ ನಾಳಿ ನಮ್ಮ ಮಕ್ಕಳು ಕಲಿಯೂ ಸಾಲಿಗಿ ಬೀಗ ಬೀಳ್ತದ. ಪ್ರಾರ್ಥನಾ ಮಾಡೂಣು.”

“ಪ್ರಾರ್ಥನಾ ನಾ ಮಾಡ್ತೇನ್ರಿ. ನೀವು ಸಹಿ ಮಾಡ್ರಿ.”

ಅವರು ಸಹಿ ಮಾಡಲಿಲ್ಲ. ಭಾಗೀರಥಿಬಾಯಿ ಕಚೇರಿಗೆ ಹೋಗಿ, ನಾನೇ ಹೆಬ್ಬೆಟ್ಟು ಒತ್ತುತ್ತೇನೆ, ಅವನು ಹುಟ್ಟಿದ್ದನ್ನು ಕಣ್ಣಾರೆ ಕಂಡವಳು ನಾನು ಎಂದಳು. ಗುಮಾಸ್ತ ಅವಳ ಕೇರಿ ಯಾವುದೆಂದು ಕೇಳಿ ನಕ್ಕ. ಹುಟ್ಟಿದೂರಿನ ಪಟೇಲನ ಕಾಗದ ತಂದರೆ ನೋಡೋಣ ಎಂದ.

ಔರಾದಕ್ಕೆ ಎರಡು ದಿನದ ನಡಿಗೆ. ಪಟೇಲ ಮನ್ಮಥಪ್ಪನವರು ಹಬೀಬನ ಅಪ್ಪನನ್ನು ಬಲ್ಲವರು. ಅಂಗಳದ ಹೊರಗೆ ನಿಂತು ಅವಳು ಹೇಳಿದ್ದನ್ನೆಲ್ಲ ಕೇಳಿ, ಮರುಮಾತಿಲ್ಲದೆ ಬರೆದು ಮೊಹರು ಒತ್ತಿದರು. ಕಾಗದವನ್ನು ಅವಳ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು ಹಿಂದೆ ಸರಿದರು. ಅವಳು ಎತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು. ನ್ಯಾಯವಂತರೆನಿಸಿಕೊಂಡವರ ನ್ಯಾಯ ಅಷ್ಟು ದೂರದವರೆಗೆ ಮಾತ್ರ ಬರುತ್ತದೆಂದು ಅವಳಿಗೆ ಹುಟ್ಟಿನಿಂದ ಗೊತ್ತಿತ್ತು.

ಹಿಡಿದವರನ್ನು ಆಗಲೇ ಭಾಲ್ಕಿಯ ದಾರಿಗೆ ಹೊರಡಿಸಿದ್ದಾರೆಂದು ಬಂಡಿಯವನೊಬ್ಬ ಹೇಳಿದ. ಅವಳು ಬೀದರಿನ ದಾರಿ ಬಿಟ್ಟು ಭಾಲ್ಕಿಗೆ ತಿರುಗಿದಳು. ಮರುದಿನ ಸಂಜೆ ಭಾಲ್ಕಿ ಮುಟ್ಟಿದಾಗ ಹದಿನೈದಿಪ್ಪತ್ತು ಜನ ಬೇವಿನ ಮರದ ಕೆಳಗೆ ಕುಳಿತಿದ್ದರು. ಹಬೀಬನ ಎಡಗೈಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಒಬ್ಬ ಮುದುಕನ ಕೈಗಿತ್ತು. ಜಮಾದಾರ ಕಾಗದ ಓದಿ, ಇದು ಬೀದರಿನ ಕಚೇರಿಗೆ ಕೊಡುವಂಥದು, ತನಗೆ ಅಧಿಕಾರವಿಲ್ಲವೆಂದು ಮಡಚಿ ಹಿಂದಕ್ಕೆ ಕೊಟ್ಟ.

“ನಿನ್ನ ಮುಲುಕ ಯಾವುದಂತ ಎಲ್ಲಾರೂ ಕೇಳ್ತಾರ, ಬಾಯಿ,” ಎಂದ ಹಬೀಬ. “ಔರಾದ ಅಂದ್ರ ನಗತಾರ.” ಆಮೇಲೆ, ಖುರ್ಷಿದಾ ಒಬ್ಬಳೇ ಇದ್ದಾಳೆ, ನೋಡಿಕೊಳ್ಳಿ ಎಂದ.

ಬೀದರಿನಲ್ಲಿ ಗುಮಾಸ್ತ ಕಾಗದ ತೆಗೆದುಕೊಂಡ. ಆದರೆ ಆಸಾಮಿ ಈಗ ನಮ್ಮ ಸರಹದ್ದಿನೊಳಗಿಲ್ಲ, ಇಲ್ಲದವನ ವಿಚಾರಣೆ ಹ್ಯಾಗೆ ನಡೆಯುತ್ತದೆ ಎಂದು ಕೇಳಿ, ಅದನ್ನು ಕಡತಗಳ ಅಡಿಗೆ ಸೇರಿಸಿದ.

ಕಾವಲುಗಾರನ ಕೋಣೆಗೆ ಹೊಸಬ ಬಂದ. ಭಾಗೀರಥಿಬಾಯಿ ತಾಯಿಮಗಳನ್ನು ಮಿಶನ್ನು ಕೊಟ್ಟಿದ್ದ ತನ್ನ ಕೋಣೆಗೆ ಕರೆತಂದಳು. ಆ ಭಾನುವಾರ ಪಾದ್ರಿಗಳು, ಮನೆ ಬಿಟ್ಟು ಅಲೆಯುವ ಎಲ್ಲ ಪರದೇಶಿಗಳಿಗಾಗಿ ಪ್ರಾರ್ಥಿಸೋಣ ಎಂದರು. ಹೆಂಗಸರ ಸಾಲಿನಿಂದ ಅವಳು ಎದ್ದು ನಿಂತಳು.

“ಹನ್ನೊಂದ ವರ್ಷ ನಮ್ಮ ಬಾಗಲಾ ಕಾದ ಮನಷ್ಯಾ ಅಂವ. ನಾವ ಅವನ್ನ ಪರದೇಶಿ ಮಾಡಿ ಕಳಿಸೇವ್ರಿ. ಅವನ ಹೇಣ್ತಿ ಮಗಳು ನನ್ನ ಮನ್ಯಾಗ ಅದಾರ. ಪ್ರಾರ್ಥನಾ ಮುಗದ ಮ್ಯಾಲ ಯಾರರೆ ಬಂದು ಮಾತಾಡಸ್ರಿ.”

ಯಾರೂ ಬರಲಿಲ್ಲ. ಬುಧವಾರ ಪಾದ್ರಿಗಳು ಮಾತ್ರ ಬಂದು, ಹೊಸ್ತಿಲ ಹೊರಗೆ ನಿಂತು ಸಭೆಯ ತೀರ್ಮಾನ ತಿಳಿಸಿದರು: ತಾಯಿಮಗಳು ದೀಕ್ಷೆ ತೆಗೆದುಕೊಂಡರೆ ಇರಬಹುದು, ಇಲ್ಲದಿದ್ದರೆ ಕೋಣೆ ಬಿಡಬೇಕು. ಈ ಮಾತನ್ನು ಅವಳು ಖುರ್ಷಿದಾಳ ಕಿವಿಗೆ ಹಾಕಲಿಲ್ಲ. ಗಂಡನನ್ನು ಕಳೆದುಕೊಂಡವಳ ಹತ್ತಿರ ಸೂರಿನ ಆಸೆ ತೋರಿಸಿ ದೇವರನ್ನು ಕೊಡಲು ಅವಳಿಗೆ ನಾಚಿಕೆಯಾಯಿತು. ಪಾತ್ರೆಪಡಗ ಗಂಟು ಕಟ್ಟಿದಳು. ಕೆಲಸವೂ ಹೋಯಿತು.

ಮೂವರೂ ಭಾಲ್ಕಿಗೆ ಬಂದರು. ಕಿರಿಸ್ತಾನದವಳ ಜೊತೆ ಉಂಡವಳೆಂದು ಖುರ್ಷಿದಾಳ ಅಣ್ಣ ಒಳಗೆ ಕರೆಯಲಿಲ್ಲ. ಊರ ಅಂಚಿನಲ್ಲಿ ಒಂದು ಗುಡಿಸಲು ಹಾಕಿಕೊಂಡು, ಖುರ್ಷಿದಾ ಕೌದಿ ಹೊಲಿದಳು, ಭಾಗೀರಥಿಬಾಯಿ ಅವ್ವನ ಕಸುಬು ಹಿಡಿದು ಸಾಯಗಾಂವದವರೆಗೂ ಹೆರಿಗೆಗೆ ಹೋಗಿಬಂದಳು. ಒಬ್ಬಳು ನಮಾಜು, ಒಬ್ಬಳು ಪ್ರಾರ್ಥನೆ, ಒಂದೇ ಒಲೆ.

ಹಬೀಬನಿಂದ ಒಂದೇ ಒಂದು ಪತ್ರ ಬಂತು. ಸೊಲ್ಲಾಪುರದಲ್ಲಿಯೂ ಕಾಬೂಲಿಯೆಂದು ಯಾರೂ ಕೆಲಸಕ್ಕಿಟ್ಟುಕೊಳ್ಳುವುದಿಲ್ಲ, ಬೊಂಬಾಯಿಗೆ ಹೋಗುತ್ತೇನೆ, ಜಾಗ ಸಿಕ್ಕ ಮೇಲೆ ಕರೆಸಿಕೊಳ್ಳುತ್ತೇನೆ ಎಂದು ಬರೆಸಿದ್ದ. ಆಮೇಲೆ ಏನೂ ಬರಲಿಲ್ಲ. ಖುರ್ಷಿದಾ ವಿಧವೆಯಂತೆಯೂ ಇರಲಾರದೆ ಮುತ್ತೈದೆಯಂತೆಯೂ ಇರಲಾರದೆ ಒಂಬತ್ತು ವರ್ಷ ಕಳೆದಳು.

ಆಗ ಒಂದು ದಿನ ಯೋಬಪ್ಪನವರು ಕ್ಯಾಮರಾದವನೊಬ್ಬನನ್ನು ಕರೆದುಕೊಂಡು ಭಾಲ್ಕಿಗೆ ಬಂದರು. ನಿರಾಶ್ರಿತ ಮುಸಲ್ಮಾನ ಕುಟುಂಬವನ್ನು ಸಲಹಿದ ಸಭೆಯ ಹೆಂಗಸಿನ ಚಿತ್ರ ವರ್ಷದ ವರದಿಯಲ್ಲಿ ಅಚ್ಚಾಗಬೇಕಂತೆ. ವಿಲಾಯತಿಯ ದಾನಿಗಳು ಓದುತ್ತಾರಂತೆ. ಗುಡಿಸಲ ಮುಂದೆ ಮೂವರೂ ಸಾಲಾಗಿ ನಿಂತರೆ ಸಾಕು ಎಂದರು.

“ಹಬೀಬ ಎಲ್ಲಿ ನಿಂದರ್ತಾನ್ರಿ?” ಎಂದು ಕೇಳಿದಳು ಭಾಗೀರಥಿಬಾಯಿ.

ಪಾದ್ರಿಗಳು ಕ್ಯಾಮರಾದವನ ಮುಖ ನೋಡಿದರು. ಅವಳು ಇಬ್ಬರಿಗೂ ನೀರು ಕೊಟ್ಟು, ಹೆರಿಗೆಯ ಮನೆಯವರು ಕಾಯುತ್ತಿದ್ದಾರೆಂದು ಹೊರಟುಹೋದಳು. ಆ ವರ್ಷದ ವರದಿಯಲ್ಲಿ ಚಿತ್ರವಿಲ್ಲದೆಯೇ ಅವಳ ಕುರಿತು ಆರು ಸಾಲು ಅಚ್ಚಾಯಿತು. ಮಾರ್ಥಾ ಎಂಬ ಹೆಸರಿನಲ್ಲಿ.